ದೂರು, ಕೂಗು, ಗದ್ದಲ: ಇಂಗ್ಲಿಷ್ ಪದಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಗೊಣಗು, ಹಲುಬು, ರಚ್ಚೆ ಹಿಡಿ, ಚೀರು, ಅರಚು, ಗೋಳಾಡು, ಬೊಬ್ಬೆ ಹೊಡೆ. ಇವುಗಳಲ್ಲಿ ಯಾವುದನ್ನು ಎಲ್ಲಿ ಹೇಳಬೇಕು ಎಂದು ನಮಗೆ ಯಾರೂ ಕೂರಿಸಿ ಕಲಿಸಿಲ್ಲ. ಆದರೂ ತಪ್ಪುವುದಿಲ್ಲ. ಇಂಗ್ಲಿಷಿಗೆ ಹೋದ ಕೂಡಲೇ ಮಾತ್ರ ‘ಕಂಪ್ಲೇನ್’, ‘ಶೌಟ್’, ‘ಕ್ರೈ’ ಎಂಬ ಮೂರೇ ಪದಗಳಲ್ಲಿ ಎಲ್ಲವನ್ನೂ ಮುಗಿಸಿಬಿಡುತ್ತೇವೆ.

ಇಂಗ್ಲಿಷ್ ಕಲಿಸುವಾಗ ವಿದ್ಯಾರ್ಥಿಗಳು, ಆಫೀಸಿಗೆ ಹೋಗುವವರು, ಮಕ್ಕಳ ಅಪ್ಪ ಅಮ್ಮಂದಿರು ಜಾಸ್ತಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ. ಒಂದು ಮಾತು ಮೊದಲೇ ಹೇಳುತ್ತೇನೆ. ಈ ಪದಗಳಲ್ಲಿ ಹಲವು ಬರೀ ಸದ್ದನ್ನು ಹೇಳಿ ಸುಮ್ಮನಾಗುವುದಿಲ್ಲ. ಸದ್ದು ಮಾಡಿದವರ ಬಗ್ಗೆ ಕೇಳಿಸಿಕೊಂಡವರು ಏನು ಅಂದುಕೊಂಡರು ಎಂಬುದನ್ನೂ ಹೇಳುತ್ತವೆ. ಅದು ಗೊತ್ತಿಲ್ಲದೆ ಬಳಸಿದರೆ ನ್ಯಾಯವಾದ ದೂರು ಕೂಡ ಹಗುರವಾಗಿಬಿಡುತ್ತದೆ.

‘ಕಂಪ್ಲೇಂಟ್ ಕೊಡು’ ಎನ್ನುವುದಕ್ಕೆ ‘ಗಿವ್ ಎ ಕಂಪ್ಲೇಂಟ್’ ಅಂದರೆ ಸರಿಯಾ?

ನಮ್ಮ ದೇಶದಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ. ಹೊರಗಿನವರಿಗೆ ಬರೆಯುವಾಗ ‘ಮೇಕ್ ಎ ಕಂಪ್ಲೇಂಟ್’ ಎನ್ನಿ. ಕಚೇರಿಯ ಭಾಷೆ ಬೇಕಿದ್ದರೆ ‘ಫೈಲ್’ ಅಥವಾ ‘ಲಾಡ್ಜ್’ ಬಳಸಿ.

ಅದಕ್ಕಿಂತ ಮುಖ್ಯವಾದದ್ದು ಕೊನೆಯ ಅಕ್ಷರ. ‘ಕಂಪ್ಲೇನ್’ ಕ್ರಿಯಾಪದ, ‘ಕಂಪ್ಲೇಂಟ್’ ನಾಮಪದ. ‘ಐ ವಿಲ್ ಕಂಪ್ಲೇಂಟ್’ ಎಂಬುದು ತಪ್ಪು, ‘ಐ ವಿಲ್ ಕಂಪ್ಲೇನ್’ ಸರಿ. ಯಾರಿಗೆ ದೂರುತ್ತೀರೋ ಅವರ ಹೆಸರಿಗೆ ಮೊದಲು ‘ಟು’ ಬರುತ್ತದೆ. ಯಾವ ವಿಷಯಕ್ಕೆ ದೂರುತ್ತೀರೋ ಅದಕ್ಕೆ ಮೊದಲು ‘ಅಬೌಟ್’.

ಕಾಯಿಲೆಯ ವಿಷಯಕ್ಕೆ ಮಾತ್ರ ‘ಆಫ್’ ಬೇಕು. ‘ಶಿ ಕಂಪ್ಲೇನ್ಡ್ ಆಫ್ ಚೆಸ್ಟ್ ಪೇನ್’ ಅಂದರೆ ಎದೆನೋವು ಇದೆ ಎಂದು ಡಾಕ್ಟರಿಗೆ ಹೇಳಿಕೊಂಡರು ಎಂದಷ್ಟೇ ಅರ್ಥ. ಇಲ್ಲಿ ಯಾರ ಮೇಲೂ ಸಿಟ್ಟಿಲ್ಲ. ಆಸ್ಪತ್ರೆಯ ಕೇಸ್ ಶೀಟಿನ ಮೇಲ್ಭಾಗದಲ್ಲಿ ‘ಸಿ’ ಬರೆದು, ಗೆರೆ ಎಳೆದು, ‘ಓ’ ಬರೆದಿರುವುದನ್ನು ನೋಡಿರುತ್ತೀರಿ. ಅದು ‘ಕಂಪ್ಲೇನ್ಸ್ ಆಫ್’ ಎಂಬುದರ ಗುರುತು. ಅಂಚೆಯ ವಿಳಾಸದಲ್ಲಿ ಅದೇ ಗುರುತಿಗೆ ‘ಕೇರ್ ಆಫ್’ ಎಂಬ ಬೇರೆ ಅರ್ಥವಿದೆ.

ಶಾಲೆಯಲ್ಲಿ ಮಕ್ಕಳು ‘ಮಿಸ್ ಹತ್ರ ಕಂಪ್ಲೇಂಟ್ ಮಾಡ್ತೀನಿ’ ಅನ್ನುತ್ತಾರಲ್ಲ, ಅದಕ್ಕೆ ಇಂಗ್ಲಿಷಿನಲ್ಲಿ ಏನು?

‘ಐ ವಿಲ್ ಟೆಲ್ ಆನ್ ಯು.’ ‘ಕಂಪ್ಲೇನ್ ಆನ್’ ಎಂಬ ಬಳಕೆ ಇಲ್ಲ. ಚಾಡಿ ಹೇಳುವ ಅಭ್ಯಾಸಕ್ಕೆ ‘ಟೆಲಿಂಗ್ ಟೇಲ್ಸ್’ ಎನ್ನುತ್ತಾರೆ. ಇಲ್ಲಿ ಒಂದು ಎಚ್ಚರಿಕೆ. ಇನ್ನೊಬ್ಬ ಹುಡುಗ ಹೊಡೆದ ಎಂದು ಮಗು ಹೇಳಿದರೆ ಅದು ದೂರು. ಅದನ್ನು ‘ಟೆಲಿಂಗ್ ಟೇಲ್ಸ್’ ಎಂದು ಕರೆದರೆ ಮಗು ಮುಂದಿನ ಸಲ ಬಾಯಿ ಬಿಡುವುದಿಲ್ಲ.

ಪೊಲೀಸ್ ಠಾಣೆ, ಕೋರ್ಟು, ಗ್ರಾಹಕರ ಆಯೋಗ: ಎಲ್ಲ ಕಡೆಯೂ ‘ಕಂಪ್ಲೇಂಟ್’ ಅಂದರೆ ಒಂದೇನಾ?

ಆಡುಮಾತಿನಲ್ಲಿ ಒಂದೇ, ಕಾನೂನಿನಲ್ಲಿ ಬೇರೆ ಬೇರೆ. ಠಾಣೆಗೆ ಹೋಗಿ ನಾವು ಹೇಳುವುದನ್ನು ಕಾನೂನು ‘ಇನ್ಫರ್ಮೇಶನ್’ ಎಂದು ಕರೆಯುತ್ತದೆ. ಅದರ ಮೇಲೆ ದಾಖಲಾಗುವುದೇ ಎಫ್‌ಐಆರ್. ಮೊದಲು ಅದು ಸಿಆರ್‌ಪಿಸಿಯ, ಅಂದರೆ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ, 154ನೇ ಸೆಕ್ಷನ್ ಆಗಿತ್ತು. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಆಗಿದೆ. ಕ್ರಮ ತೆಗೆದುಕೊಳ್ಳಿ ಎಂದು ಮ್ಯಾಜಿಸ್ಟ್ರೇಟರ ಮುಂದೆ ಮಾಡುವ ಆರೋಪಕ್ಕೆ ಮಾತ್ರ ಈ ಕಾನೂನಿನಲ್ಲಿ ‘ಕಂಪ್ಲೇಂಟ್’ ಎಂಬ ಹೆಸರು. ಬಾಯಲ್ಲಿ ಹೇಳಿದರೂ ಆದೀತು, ಬರೆದು ಕೊಟ್ಟರೂ ಆದೀತು.

ಜಮೀನು, ಹಣ, ಪಾಲು ಇಂಥ ಸಿವಿಲ್ ವ್ಯಾಜ್ಯದಲ್ಲಿ ಕೋರ್ಟಿಗೆ ಹಾಕುವ ದಾವೆಯ ಅರ್ಜಿಗೆ ‘ಪ್ಲೇಂಟ್’ ಎನ್ನುತ್ತಾರೆ, ಹಾಕಿದವರು ‘ಪ್ಲೇಂಟಿಫ್’. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಮತ್ತೆ ‘ಕಂಪ್ಲೇಂಟ್’ ಬರುತ್ತದೆ, ಕೊಟ್ಟವರು ‘ಕಂಪ್ಲೇನಂಟ್’.

ಈ ಪದಗಳೆಲ್ಲ ಒಂದೇ ಬೇರಿನವು. ಲ್ಯಾಟಿನ್ನಿನ ‘ಪ್ಲಾಂಗೆರೆ’ ಅದರ ಮೂಲ. ಅರ್ಥ ಎದೆ ಬಡಿದುಕೊಳ್ಳುವುದು. ನಾವು ‘ಎದೆ ಎದೆ ಬಡಿದುಕೊಂಡು ಅತ್ತರು’ ಅನ್ನುತ್ತೇವಲ್ಲ, ಅದೇ. ಸಾವಿನ ಮನೆಯ ದುಃಖ ಫ್ರೆಂಚಿನ ಮೂಲಕ ದಾಟಿ ಇಂಗ್ಲಿಷಿನ ಕೋರ್ಟಿಗೆ ಬಂದು ಸೇರಿತು. ದೂರು ಎಂದರೆ ಸುಮ್ನೆ ತಕರಾರು ತೆಗೆಯುವುದು ಎಂದುಕೊಳ್ಳುವವರಿಗೆ ನಾನು ಈ ಬೇರನ್ನು ತಪ್ಪದೆ ಹೇಳುತ್ತೇನೆ.

ವೈನ್, ವಿಂಜ್, ಮೋನ್, ಗ್ರಂಬಲ್, ಗ್ರೈಪ್, ಗ್ರೌಸ್, ನ್ಯಾಗ್: ಇಷ್ಟೆಲ್ಲ ಪದ ಯಾಕೆ? ಎಲ್ಲಕ್ಕೂ ಗೊಣಗುವುದು ಅಂತಲೇ ಅರ್ಥ ಅಲ್ವಾ?

ಅಲ್ಲ. ಒಂದೊಂದಕ್ಕೂ ಒಂದೊಂದು ದನಿ ಇದೆ.

‘ವೈನ್’ ತೆಳ್ಳಗೆ, ಎತ್ತರದಲ್ಲಿ, ಎಳೆದು ಎಳೆದು ಬರುವ ದನಿ. ಬಾಗಿಲಾಚೆ ನಿಂತು ನಾಯಿ ಕುಂಯ್‌ಗುಟ್ಟುವುದು, ಕಿವಿಯ ಹತ್ತಿರ ಸೊಳ್ಳೆ ಗುಂಯ್ ಅನ್ನುವುದು, ಮಗು ರಚ್ಚೆ ಹಿಡಿಯುವುದು, ಮೂರಕ್ಕೂ ಇದೇ ಪದ. ಹಳೆಯ ಇಂಗ್ಲಿಷಿನಲ್ಲಿ ಇದು ಬಾಣ ಗಾಳಿಯಲ್ಲಿ ಹಾರುವ ಸದ್ದಾಗಿತ್ತು. ಇವತ್ತು ದೊಡ್ಡವರ ಬಗ್ಗೆ ಈ ಪದ ಬಳಸಿದರೆ ಅದು ಬೈಗುಳ. ‘ಸ್ಟಾಪ್ ವೈನಿಂಗ್’ ಅಂದರೆ, ನಿನ್ನ ಮಾತಿನಲ್ಲಿ ಹುರುಳಿಲ್ಲ, ಮಗುವಿನ ಹಾಗೆ ಆಡಬೇಡ ಎಂದ ಹಾಗೆ.

‘ವಿಂಜ್’ ಬ್ರಿಟನ್ ಮತ್ತು ಆಸ್ಟ್ರೇಲಿಯಾದ ಮಾತು. ಅಮೆರಿಕದಲ್ಲಿ ಕೇಳುವುದು ಅಪರೂಪ. ವಲಸೆ ಬಂದ ಇಂಗ್ಲಿಷರು ಬಿಸಿಲು, ನೊಣ ಎಂದು ಸದಾ ಹಲುಬುತ್ತಾರೆ ಎಂದು ಆಸ್ಟ್ರೇಲಿಯಾದವರು ಅವರನ್ನು ‘ವಿಂಜಿಂಗ್ ಪಾಮ್ಸ್’ ಎಂದು ಕರೆಯುವುದುಂಟು. ಸಿಡ್ನಿ, ಮೆಲ್ಬರ್ನಿನಲ್ಲಿ ಕೆಲಸ ಮಾಡುವ ಕನ್ನಡಿಗರ ಕಿವಿಗೆ ಇದು ಬಿದ್ದೇ ಇರುತ್ತದೆ. ನೀವು ಬಳಸದಿದ್ದರೆ ಒಳ್ಳೆಯದು.

‘ಮೋನ್’ ಮೊದಲಿಗೆ ನರಳುವುದು. ಬ್ರಿಟನ್ನಿನಲ್ಲಿ ಹವಾಮಾನ, ರೈಲು, ಬೆಲೆ ಎಂದು ದಿನವೂ ಗೊಣಗುವುದಕ್ಕೂ ಇದೇ ಪದ. ಅಲ್ಲಿ ಸ್ನೇಹಿತರು ಸೇರಿ ‘ಹ್ಯಾವ್ ಎ ಮೋನ್’ ಮಾಡಿ ಮನಸ್ಸು ಹಗುರ ಮಾಡಿಕೊಳ್ಳುತ್ತಾರೆ. ‘ಗ್ರೋನ್’ ಇದರ ಅಣ್ಣ: ಇನ್ನೂ ಗಟ್ಟಿ, ಇನ್ನೂ ಮೋಟು.

‘ಗ್ರಂಬಲ್’ ಕೆಳದನಿಯದು, ಗುಡುಗುಟ್ಟುವಂಥದ್ದು. ನಮ್ಮ ‘ಗೊಣಗು’ ಪದಕ್ಕೆ ತುಂಬ ಹತ್ತಿರ. ಎದುರಿಗೆ ಹೇಳಲು ಧೈರ್ಯವಿಲ್ಲದಾಗ ಬಾಯೊಳಗೇ ಉಳಿಯುವ ಮಾತು.

‘ಗ್ರೌಸ್’ 19ನೇ ಶತಮಾನದ ಕೊನೆಯಲ್ಲಿ ಬ್ರಿಟಿಷ್ ಸೈನಿಕರ ಬಾಯಲ್ಲಿ ಹುಟ್ಟಿದ ಪದ. ನಮ್ಮ ದೇಶದ ಇಂಗ್ಲಿಷ್ ಪತ್ರಿಕೆಗಳಿಗೆ ಇದರ ಮೇಲೆ ಬಲು ಪ್ರೀತಿ. ಊರಿಗೆ ಬಸ್ಸಿಲ್ಲ ಎಂದು ಜನ ಹೇಳಿದರೆ ‘ದೇರ್ ಗ್ರೌಸ್ ಈಸ್’ ಎಂದು ಸುದ್ದಿ ಶುರುವಾಗುತ್ತದೆ. ನನಗೆ ಇದು ಇಷ್ಟವಿಲ್ಲ. ಬಸ್ಸು, ನೀರು, ಆಸ್ಪತ್ರೆ ಇಲ್ಲ ಎನ್ನುವುದು ‘ಗ್ರೀವನ್ಸ್’. ಅದಕ್ಕೆ ‘ಗ್ರೌಸ್’ ಅಂದರೆ ಸಣ್ಣ ಅಸಮಾಧಾನ ಎಂಬ ಬಣ್ಣ ಬರುತ್ತದೆ.

‘ನ್ಯಾಗ್’ ಅಂದರೆ ಒಂದೇ ವಿಷಯವನ್ನು ಮತ್ತೆ ಮತ್ತೆ ಹೇಳಿ ಪೀಡಿಸುವುದು. ಇದು ಸ್ಕ್ಯಾಂಡಿನೇವಿಯಾ ಕಡೆಯ ಪದ, ಮೂಲದ ಅರ್ಥ ಹಲ್ಲಿನಿಂದ ಕೊರೆಯುವುದು. ‘ತಲೆ ಕೊರೀಬೇಡ’ ಎಂದು ನಾವು ಹೇಳುವುದೂ ಅದನ್ನೇ.

ಮಕ್ಕಳಿಗೆ ಕೊಡುವ ಗ್ರೈಪ್ ವಾಟರಿಗೂ ಈ ಗ್ರೈಪಿಗೂ ಸಂಬಂಧ ಇದೆಯಾ?

ಇದೆ. ‘ಗ್ರೈಪ್’ ಅಂದರೆ ಹಿಡಿದುಕೊಳ್ಳುವುದು. ಹೊಟ್ಟೆ ಹಿಂಡಿದಂತಾಗುವ ನೋವಿಗೆ ಆ ಹೆಸರು ಬಂತು. ಇಂಗ್ಲೆಂಡಿನ ವಿಲಿಯಂ ವುಡ್‌ವರ್ಡ್ 1851ರಲ್ಲಿ ತಯಾರಿಸಿದ ಗ್ರೈಪ್ ವಾಟರ್ ಮುಂದೆ ನಮ್ಮ ಮನೆಗಳಿಗೂ ಬಂತು. ಗೊಣಗುವುದು ಎಂಬ ಅರ್ಥ 20ನೇ ಶತಮಾನದಲ್ಲಿ ಅಮೆರಿಕದಲ್ಲಿ ಬೆಳೆಯಿತು. ಅಲ್ಲಿ ‘ಬೆಲಿಯೇಕ್’ ಅಂದರೂ ಗೊಣಗುವುದೇ, ಅಕ್ಷರಶಃ ಹೊಟ್ಟೆನೋವು.

‘ಮೈ ಬಾಸ್ ಶೌಟೆಡ್ ಮಿ’ ಅಂದೆ, ಎದುರಿಗಿದ್ದವರಿಗೆ ಅರ್ಥವಾಗಲಿಲ್ಲ. ಯಾಕೆ?

‘ಬಾಸ್ ನನಗೆ ಬೈದರು’ ಎಂಬ ಕನ್ನಡದ ವಾಕ್ಯ ಹಾಗೇ ದಾಟಿಬಂದಿದೆ. ನಡುವೆ ‘ಅಟ್’ ಬೇಕು. ‘ಶೌಟ್ ಅಟ್’ ಅಂದರೆ ಸಿಟ್ಟಿನಿಂದ ಒಬ್ಬರ ಮೇಲೆ ಕೂಗಾಡುವುದು. ‘ಶೌಟ್ ಟು’ ಅಂದರೆ ದೂರದಲ್ಲಿರುವವರಿಗೆ ಕೇಳಲಿ ಎಂದು ಜೋರಾಗಿ ಕೂಗಿ ಹೇಳುವುದು. ಗದ್ದೆಯ ಆ ಬದಿಯಲ್ಲಿರುವ ಅಣ್ಣನನ್ನು ಊಟಕ್ಕೆ ಕರೆದರೆ ‘ಟು’. ಅಣ್ಣ ತಡವಾಗಿ ಬಂದದ್ದಕ್ಕೆ ಅಮ್ಮ ರೇಗಿದರೆ ‘ಅಟ್’.

ಇದಕ್ಕಿಂತ ಅಪಾಯದ ಪದ ‘ಫೈರ್’. ‘ಬಾಸ್ ಇವತ್ತು ಫೈರ್ ಮಾಡಿದ್ರು’ ಅಂದರೆ ಬೆಂಗಳೂರಿನಲ್ಲಿ ಚೆನ್ನಾಗಿ ಬೈದರು ಎಂದರ್ಥ. ಬೇರೆ ದೇಶದ ಸಹೋದ್ಯೋಗಿಗೆ ‘ಮೈ ಬಾಸ್ ಫೈರ್ಡ್ ಮಿ’ ಎಂದರೆ ಕೆಲಸದಿಂದ ತೆಗೆದರು ಎಂದುಕೊಳ್ಳುತ್ತಾರೆ. ಬೈಗುಳಕ್ಕೆ ‘ಟೋಲ್ಡ್ ಮಿ ಆಫ್’ ಎನ್ನಿ. ‘ಸ್ಕೋಲ್ಡ್’ ತಪ್ಪಲ್ಲ, ಆದರೆ ಅದು ಹೆಚ್ಚಾಗಿ ಮಕ್ಕಳನ್ನು ಗದರುವುದಕ್ಕೆ ಬಳಕೆಯಾಗುತ್ತದೆ.

ಇಂಗ್ಲಿಷ್ ಕಥೆಗಳಲ್ಲಿ ಎಲ್ಲರೂ ಯಾಕೆ ಇಷ್ಟೊಂದು ಅಳುತ್ತಾರೆ?

ಅವರು ಅಳುತ್ತಿಲ್ಲ. ‘ಹೆಲ್ಪ್! ಹಿ ಕ್ರೈಡ್’ ಎಂದಿದ್ದರೆ ‘ಕಾಪಾಡಿ ಎಂದು ಕೂಗಿದ’ ಎಂದರ್ಥ. ‘ಹೌ ಲವ್ಲಿ! ಶಿ ಕ್ರೈಡ್’ ಎಂದಿದ್ದರೆ ಖುಷಿಯಿಂದ ಉದ್ಗರಿಸಿದಳು. ಮಾತಿನ ಗುರುತಿನ ಪಕ್ಕದಲ್ಲಿ ‘ಕ್ರೈಡ್’ ಬಂದರೆ ಕೂಗು ಎಂದೇ ಓದಿಕೊಳ್ಳಿ. ಕಣ್ಣೀರನ್ನು ಬೇರೆಡೆ ಹುಡುಕಿ.

ಇಂಗ್ಲಿಷಿನಲ್ಲಿ ಮೊದಲು ಬಂದ ಅರ್ಥವೇ ಕೂಗು. ಅಳು ಎಂಬ ಅರ್ಥ ಅದಕ್ಕೆ ಅಂಟಿಕೊಂಡದ್ದು ಆಮೇಲೆ. ಅಳುವುದಕ್ಕೆ ಮೊದಲಿನಿಂದ ಇದ್ದ ಪದ ‘ವೀಪ್’. ಈಗ ಅದು ಕವಿತೆ, ಪ್ರಾರ್ಥನೆ, ಪತ್ರಿಕೆಯ ತಲೆಬರಹಗಳಲ್ಲೇ ಹೆಚ್ಚು ಕಾಣುತ್ತದೆ. ಬಿಕ್ಕಿ ಬಿಕ್ಕಿ ಅಳುವುದು ‘ಸಾಬ್’. ಹೆದರಿ ಸಣ್ಣ ದನಿಯಲ್ಲಿ ಕುಸುಕುಸು ಎನ್ನುವುದು ‘ವಿಂಪರ್’. ಮಕ್ಕಳು ಬಾಯಿ ತೆಗೆದು ಭೋ ಎಂದು ಅಳುವುದು ‘ಬಾಲ್’, ಆಡುವ ಚೆಂಡಿನ ಉಚ್ಚಾರಕ್ಕೆ ತೀರಾ ಹತ್ತಿರ, ಕಾಗುಣಿತ ಬೇರೆ. ಸಾವಿನ ಮನೆಯಲ್ಲಿ ದನಿ ಎತ್ತಿ ಗೋಳಾಡುವುದು ‘ವೇಲ್’.

ಐರ್ಲೆಂಡಿನಿಂದ ಬಂದ ‘ಕೀನಿಂಗ್’ ಎಂಬ ಪದ ನಮ್ಮವರಿಗೆ ಬೇಗ ಹತ್ತಿರವಾಗುತ್ತದೆ. ಅಲ್ಲಿ ಹೆಂಗಸರು ಸತ್ತವರ ಗುಣಗಳನ್ನು ಹಾಡುತ್ತ, ಹೆಸರು ಹಿಡಿದು ಕರೆಯುತ್ತ ಅಳುತ್ತಿದ್ದರು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹಾಡಿಕೊಂಡು ಅಳುವುದನ್ನು ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಶೌಟ್, ಯೆಲ್, ಸ್ಕ್ರೀಮ್, ಶ್ರೀಕ್, ಸ್ಕ್ರೀಚ್?

‘ಶೌಟ್’ ಮಾತಿರುವ ಕೂಗು. ‘ಯೆಲ್’ ಅದಕ್ಕಿಂತ ಜೋರು, ಒರಟು. ‘ಸ್ಕ್ರೀಮ್’ ಬಂದರೆ ಮಾತು ಇರಲೇಬೇಕಿಲ್ಲ. ಭಯ, ನೋವು, ಕೆಲವೊಮ್ಮೆ ಖುಷಿಯಿಂದ ಹೊರಡುವ ಚೀರಾಟ ಅದು. ‘ಶ್ರೀಕ್’ ಚಿಕ್ಕದು, ಚೂಪು. ಜಿರಲೆ ಕಂಡಾಗ ಬರುವ ಕಿಟಾರ್ ಎಂಬ ಕೂಗು. ‘ಸ್ಕ್ರೀಚ್’ ಕಿವಿಗೆ ಹಿಂಸೆ: ಬಸ್ಸಿನ ಬ್ರೇಕು, ಕರಿಹಲಗೆಯ ಮೇಲೆ ಉಗುರು.

ನಾರ್ವೆಯ ಚಿತ್ರಕಾರ ಎಡ್ವರ್ಡ್ ಮುಂಕ್ 1893ರಲ್ಲಿ ಬರೆದ ಪ್ರಸಿದ್ಧ ಚಿತ್ರ ಇಂಗ್ಲಿಷಿನಲ್ಲಿ ‘ದಿ ಸ್ಕ್ರೀಮ್’ ಎಂದಾಯಿತು. ನಾರ್ವೆಯ ಭಾಷೆಯಲ್ಲಿ ಅದು ‘ಸ್ಕ್ರೀಕ್’, ‘ಶ್ರೀಕ್’ ಪದದ ನೆಂಟ. ಚಿತ್ರದಲ್ಲಿರುವ ವ್ಯಕ್ತಿ ಚೀರುತ್ತಿದ್ದಾನೆ ಎಂದು ತುಂಬ ಜನ ಅಂದುಕೊಳ್ಳುತ್ತಾರೆ. ಕೈಗಳನ್ನು ನೋಡಿ, ಎರಡೂ ಕಿವಿಯ ಮೇಲಿವೆ. ಸಂಜೆ ನಡೆದು ಹೋಗುವಾಗ ಇಡೀ ಪ್ರಕೃತಿಯೇ ಚೀರಿದಂತೆ ತನಗೆ ಅನ್ನಿಸಿತು ಎಂದು ಮುಂಕ್ ಬರೆದುಕೊಂಡಿದ್ದ.

ಒಂದು ಅಚ್ಚರಿ ಹೇಳದೆ ಇರಲಾರೆ. ‘ಯೆಲ್’ ಎಂಬ ಒರಟು ಪದವೂ, ‘ನೈಟಿಂಗೇಲ್’ ಹಕ್ಕಿಯ ಹೆಸರಿನಲ್ಲಿರುವ ‘ಗೇಲ್’ ಕೂಡ ಒಂದೇ ಮೂಲದವು. ಅಲ್ಲಿ ‘ಗೇಲ್’ ಎಂದರೆ ಹಾಡುವುದು.

ಬಾಗಿಲು ‘ಕಿರ್ರ್’ ಅಂತು, ಪಾತ್ರೆ ‘ಢಣ್’ ಅಂತು. ಇವನ್ನು ಹೇಗೆ ಹೇಳುವುದು?

ಕನ್ನಡದಲ್ಲಿ ಸದ್ದನ್ನು ಹಾಗೇ ಎತ್ತಿ ಇಟ್ಟು ‘ಅಂತು’, ‘ಎಂದಿತು’ ಸೇರಿಸುತ್ತೇವೆ. ಇಂಗ್ಲಿಷ್ ಸದ್ದನ್ನೇ ಕ್ರಿಯಾಪದ ಮಾಡಿಬಿಡುತ್ತದೆ. ‘ದಿ ಡೋರ್ ಕ್ರೀಕ್ಡ್.’ ಅಷ್ಟೇ, ‘ಸೆಡ್’ ಬೇಡ. ಪಾತ್ರೆ ‘ಕ್ಲ್ಯಾಂಗ್’ ಆಗುತ್ತದೆ, ತಟ್ಟೆ ಲೋಟಗಳ ಸದ್ದು ‘ಕ್ಲ್ಯಾಟರ್’, ತೆಂಗಿನಕಾಯಿ ಧೊಪ್ಪೆಂದರೆ ‘ಥಡ್’, ಕಿಟಕಿ ಗಡಗಡ ಎಂದರೆ ‘ರ‍್ಯಾಟಲ್’, ಒಗ್ಗರಣೆ ಚುರ್ ಎಂದರೆ ‘ಸಿಜಲ್’. ಈ ವಿಷಯದಲ್ಲಿ ಕನ್ನಡ ತುಂಬ ಶ್ರೀಮಂತ. ಪಟಪಟ, ಜುಳುಜುಳು, ಗಲಗಲ, ಧೋ ಎಂದು ಸುರಿಯುವ ಮಳೆ: ಎಲ್ಲಕ್ಕೂ ಇಂಗ್ಲಿಷಿನಲ್ಲಿ ಜೋಡಿ ಸಿಗದು. ಸಿಗದಿದ್ದರೆ ಮಳೆ ಹೇಗೆ ಬಿತ್ತು ಎಂದು ಬಿಡಿಸಿ ಹೇಳಿ, ಸಾಕು.

ಪ್ರಾಣಿಗಳ ಕೂಗಿನ ಪದಗಳನ್ನು ಮನುಷ್ಯರಿಗೆ ಬಳಸಬಹುದಾ?

ಬಳಸುತ್ತಾರೆ, ಆದರೆ ಪ್ರತಿಯೊಂದಕ್ಕೂ ಚುಚ್ಚು ಇದೆ. ನಾಯಿಯ ‘ಬಾರ್ಕ್’ ಒರಟಾಗಿ ಹುಕುಂ ಕೊಡುವವರಿಗೆ, ಕುರಿಯ ‘ಬ್ಲೀಟ್’ ಬಲವಿಲ್ಲದೆ ಗೋಗರೆಯುವವರಿಗೆ, ಹುಂಜದ ‘ಕ್ರೋ’ ಗೆದ್ದು ಬೀಗುವವರಿಗೆ, ಗೂಳಿಯ ‘ಬೆಲೋ’ ಅಬ್ಬರಿಸುವವರಿಗೆ. ಆನೆಯ ಕೂಗಿಗೂ ಹೇಳುವ ‘ಟ್ರಂಪೆಟ್’ ಮಾತ್ರ ಡಂಗುರ ಸಾರುವುದಕ್ಕೆ ಬಳಕೆಯಾಗುತ್ತದೆ. ನಮ್ಮಲ್ಲಿ ‘ಬೊಗಳಬೇಡ’ ಎಂದರೆ ಜಗಳವೇ ಆಗುತ್ತದೆ. ಇಂಗ್ಲಿಷಿನಲ್ಲಿ ‘ಬಾರ್ಕ್’ ಅಷ್ಟು ಕೆಟ್ಟದ್ದಲ್ಲ. ಬೊಗಳುವ ನಾಯಿ ಕಚ್ಚುವುದಿಲ್ಲ ಎಂಬ ಗಾದೆ ಮಾತ್ರ ಎರಡೂ ಕಡೆ ಇದೆ.

ಹೆಂಗಸರ ದನಿಗೆ ಬೇರೆಯೇ ಪದಗಳಿವೆ ಎನ್ನುತ್ತಾರೆ. ನಿಜವೇ?

ನಿಜ, ಮತ್ತು ಇದರ ಬಗ್ಗೆ ಮಾತಾಡಲೇಬೇಕು. ಸಭೆಯಲ್ಲಿ ಗಂಡಸು ದನಿ ಎತ್ತಿದರೆ ‘ಫರ್ಮ್’, ‘ಫೋರ್ಸ್‌ಫುಲ್’ ಎಂಬ ಪದಗಳು ಸಿಗುತ್ತವೆ. ಹೆಂಗಸು ಅಷ್ಟೇ ದನಿ ಎತ್ತಿದರೆ ‘ಶ್ರಿಲ್’, ಅಂದರೆ ಕೀರಲು. ಗಂಡ ನೆನಪಿಸಿದರೆ ‘ರಿಮೈಂಡ್’, ಹೆಂಡತಿ ನೆನಪಿಸಿದರೆ ‘ನ್ಯಾಗ್’.

ಇದು ಬರೀ ಮಾತಾಗಿ ಉಳಿದಿರಲಿಲ್ಲ. ಇಂಗ್ಲೆಂಡಿನಲ್ಲಿ ‘ಕಾಮನ್ ಸ್ಕೋಲ್ಡ್’ ಎಂಬ ಅಪರಾಧವಿತ್ತು. ನೆರೆಹೊರೆಯವರೊಂದಿಗೆ ಸದಾ ಜಗಳವಾಡಿ ಶಾಂತಿ ಕೆಡಿಸುವ ಹೆಂಗಸು ಎಂಬುದು ಆರೋಪ. ಕುರ್ಚಿಗೆ ಕಟ್ಟಿ ನೀರಿನಲ್ಲಿ ಮುಳುಗಿಸುವುದು ಒಂದು ಶಿಕ್ಷೆಯಾಗಿತ್ತು. ಆ ಶಿಕ್ಷೆ ಬಹಳ ಹಿಂದೆಯೇ ನಿಂತರೂ ಅಪರಾಧ ಮಾತ್ರ ಕಾನೂನಿನಲ್ಲಿ ಉಳಿದು, 1967ರ ಕ್ರಿಮಿನಲ್ ಲಾ ಆ್ಯಕ್ಟ್ ಬಂದ ಮೇಲೆಯೇ ಹೋಯಿತು. ಹಾಗಾಗಿ ಹೆಂಗಸಿನ ದೂರಿನ ಬಗ್ಗೆ ವರದಿ ಬರೆಯುವಾಗ ‘ಶ್ರಿಲ್’, ‘ಶ್ರೀಕ್’, ‘ನ್ಯಾಗ್’ ಬಿಟ್ಟು ‘ಸೆಡ್’, ‘ಆಬ್ಜೆಕ್ಟೆಡ್’, ‘ಪ್ರೊಟೆಸ್ಟೆಡ್’ ಬಳಸಿ. ಕನ್ನಡದಲ್ಲಿ ಬರೆಯುವಾಗಲೂ ‘ವಟಗುಟ್ಟಿದಳು’ ಎಂಬುದರ ಬದಲು ‘ಆಕ್ಷೇಪಿಸಿದಳು’ ಎನ್ನಬಹುದಲ್ಲ.

ಪತ್ರಿಕೆಗಳಲ್ಲಿ ಬರುವ ‘ಹ್ಯೂ ಅಂಡ್ ಕ್ರೈ’ ಏನು?

ಇವತ್ತಿನ ಅರ್ಥ ಜನರ ದೊಡ್ಡ ಗುಲ್ಲು, ಪ್ರತಿಭಟನೆಯ ಕೂಗು. ‘ಔಟ್‌ಕ್ರೈ’ ಕೂಡ ಹತ್ತಿರದ್ದೇ. ಮೊದಲಿಗೆ ಇದು ಕಾನೂನಿನ ಪದ. ಇಂಗ್ಲೆಂಡಿನಲ್ಲಿ ಒಂದನೇ ಎಡ್ವರ್ಡ್ ದೊರೆಯ ಕಾಲದ 1285ರ ವಿಂಚೆಸ್ಟರ್ ಶಾಸನದ ಪ್ರಕಾರ, ಕಳ್ಳತನವೋ ಕೊಲೆಯೋ ಕಂಡರೆ ಬೊಬ್ಬೆ ಹಾಕಬೇಕಿತ್ತು. ಊರಿನ ಗಂಡಸರು ಕಳ್ಳನ ಹಿಂದೆ ಓಡಬೇಕಿತ್ತು. ಕಾಣೆಯಾದವರ ಬಗ್ಗೆ ನಮ್ಮ ದೇಶದ ಪೊಲೀಸರು ಹೊರಡಿಸುವ ‘ಹ್ಯೂ ಅಂಡ್ ಕ್ರೈ ನೋಟಿಸ್’ ಆ ಹಳೆಯ ಅರ್ಥದ ಉಳಿಕೆ.

ಘೋಷಣೆ ಕೂಗುವುದಕ್ಕೆ ನಮ್ಮ ಪತ್ರಿಕೆಗಳು ‘ರೈಸ್ಡ್ ಸ್ಲೋಗನ್ಸ್’ ಎನ್ನುತ್ತವೆ, ಬ್ರಿಟನ್ನಿನವು ‘ಚಾಂಟೆಡ್’. ‘ಸ್ಲೋಗನ್’ ಪದವೇ ಸ್ಕಾಟ್ಲೆಂಡಿನ ಗೇಲಿಕ್ ಭಾಷೆಯಲ್ಲಿ ದಂಡಿನ ರಣಕೂಗು. ಇನ್ಶೂರೆನ್ಸ್ ‘ಕ್ಲೇಮ್’ ಕೂಡ ಲ್ಯಾಟಿನ್ನಿನಲ್ಲಿ ಕೂಗುವುದೇ ಆಗಿತ್ತು.

‘ಸೌಂಡ್’ ಮತ್ತು ‘ನಾಯ್ಸ್’ ನಡುವೆ ವ್ಯತ್ಯಾಸ ಏನು?

‘ಸೌಂಡ್’ ಯಾವ ಸದ್ದಾದರೂ ಆಗಬಹುದು. ‘ನಾಯ್ಸ್’ ಹೆಚ್ಚಾಗಿ ಬೇಡದ ಸದ್ದು. ವಾದ್ಯದಿಂದ ಬರುವುದು ಸೌಂಡ್. ಅದೇ ವಾದ್ಯ ರಾತ್ರಿ 1 ಗಂಟೆಗೆ ಪಕ್ಕದ ಮನೆಯಿಂದ ಕೇಳಿದರೆ ನಾಯ್ಸ್. ಈ ಪದದ ಹಿಂದೆ ಲ್ಯಾಟಿನ್ನಿನ ‘ನಾಸಿಯಾ’, ಅಂದರೆ ಹಡಗಿನಲ್ಲಿ ಬರುವ ಓಕರಿಕೆ ಇದೆ ಎಂದು ನಿಘಂಟುಗಳು ಹೇಳುತ್ತವೆ. ಮಕ್ಕಳ ಗಲಾಟೆ, ಡಬ್ಬ ಬಡಿತಕ್ಕೆ ‘ರ‍್ಯಾಕೆಟ್’. ಒಮ್ಮೆಲೇ ಎದ್ದ ಗದ್ದಲಕ್ಕೆ ‘ಕಮೋಷನ್’. ನಿಲ್ಲದೆ ಕಿವಿಗಡಚಿಕ್ಕುವುದು ‘ಡಿನ್’. ಈ ‘ಡಿನ್’ ಮತ್ತು ನಾವು ಸಂಸ್ಕೃತದಿಂದ ತೆಗೆದುಕೊಂಡ ‘ಧ್ವನಿ’ ದೂರದ ನೆಂಟರು.

ಲೌಡ್‌ಸ್ಪೀಕರ್ ಕಾಟದ ಬಗ್ಗೆ ಇಂಗ್ಲಿಷಿನಲ್ಲಿ ದೂರು ಬರೆಯಬೇಕು. ಗೊಣಗಿದ ಹಾಗೆ ಕಾಣದಂತೆ ಬರೆಯುವುದು ಹೇಗೆ?

ಮೊದಲು ಸಿಟ್ಟಿನ ವಿಶೇಷಣಗಳನ್ನು ತೆಗೆಯಿರಿ. ‘ಹಾರಿಬಲ್’, ‘ಅನ್‌ಬೇರಬಲ್’ ಎಂದು ಐದು ಸಲ ಬರೆದರೆ ಓದುವವರು ‘ವೈನಿಂಗ್’ ಎಂದುಕೊಳ್ಳುವ ಅಪಾಯವಿದೆ. ಅವುಗಳ ಜಾಗದಲ್ಲಿ ಜಾಗ, ದಿನ, ಗಂಟೆ ಬರೆಯಿರಿ. ಶುರುವಿಗೆ ‘ಐ ಆ್ಯಮ್ ರೈಟಿಂಗ್ ಟು ಕಂಪ್ಲೇನ್ ಅಬೌಟ್’ ಎಂಬ ನೇರ ವಾಕ್ಯ ಸಾಕು. ಅದು ಒರಟಲ್ಲ.

ಆಮೇಲೆ ನಿಯಮ ಹೇಳಿ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಮಿತಿ ಹಗಲು 55, ರಾತ್ರಿ 45 ಡೆಸಿಬಲ್. ರಾತ್ರಿ ಎಂದರೆ 10ರಿಂದ ಬೆಳಿಗ್ಗೆ 6. ಆ ಹೊತ್ತಿನಲ್ಲಿ ಬಯಲಿನಲ್ಲಿ ಲೌಡ್‌ಸ್ಪೀಕರ್ ಹಾಕುವಂತಿಲ್ಲ. ಹಬ್ಬ, ಉತ್ಸವಗಳಿಗಾಗಿ ರಾಜ್ಯ ಸರ್ಕಾರ ವರ್ಷಕ್ಕೆ 15 ದಿನ ಮೀರದಂತೆ ರಾತ್ರಿ 12ರವರೆಗೆ ಬಿಡಬಹುದು. ಆಸ್ಪತ್ರೆ, ಶಾಲೆ, ಕೋರ್ಟುಗಳ ಸುತ್ತ 100 ಮೀಟರ್ ನಿಶ್ಶಬ್ದ ವಲಯವಾಗಬಹುದು.

ಕೊನೆಗೆ ‘ಕೈಂಡ್ಲಿ ಡೂ ದಿ ನೀಡ್‌ಫುಲ್’ ಎಂದು ಬಿಟ್ಟುಬಿಡಬೇಡಿ. ಅಧಿಕಾರಿಗೆ ಏನು ಮಾಡಬೇಕು ಎಂಬುದೇ ಅದರಲ್ಲಿ ಇಲ್ಲ. ಏನು ಬೇಕೋ ಅದನ್ನೇ ಕೇಳಿ: ‘ಪ್ಲೀಸ್ ಎನ್ಶೂರ್ ದಟ್ ದಿ ಲೌಡ್‌ಸ್ಪೀಕರ್ ಈಸ್ ಸ್ವಿಚ್ಡ್ ಆಫ್ ಬೈ ಟೆನ್ ಪಿಎಂ.’ ಜೊತೆಗೆ ‘ಪ್ಲೀಸ್ ಲೆಟ್ ಮಿ ನೋ ವಾಟ್ ಆ್ಯಕ್ಷನ್ ಹ್ಯಾಸ್ ಬೀನ್ ಟೇಕನ್’ ಎಂದು ಸೇರಿಸಿ, ತಾರೀಖು ಹಾಕಿ, ಸಹಿ ಮಾಡಿ. ಒಂದು ಪ್ರತಿ ನಿಮ್ಮ ಹತ್ತಿರ ಇರಲಿ. ಆ ಹೊತ್ತಿಗೇ ಸದ್ದು ನಿಲ್ಲಬೇಕಿದ್ದರೆ ಪತ್ರಕ್ಕೆ ಕಾಯದೆ 112ಕ್ಕೆ ಫೋನ್ ಮಾಡಿ. ಅಲ್ಲಿ ಕನ್ನಡದಲ್ಲೇ ಹೇಳಿ.